ಯುರೋಪಿನ ಮರುಬಳಕೆ ಸಹಕಾರಿಗಳು: ಒಳ್ಳೆ ಮಾಲು ಪುಡಿಯಂತ್ರಕ್ಕೆ ಹೋಗೋದು ಯಾಕೆ?

ಪ್ರಶ್ನೆ: ಅರೆಗಣಕ

ಕನ್ನಡದಲ್ಲಿ ರೀಯೂಸ್‌ಗೂ ರೀಸೈಕ್ಲಿಂಗ್‌ಗೂ ‘ಮರುಬಳಕೆ’ ಅಂತಲೇ ಬರೆದುಬಿಡ್ತೀವಿ. ಇಲ್ಲಿ ಮರುಬಳಕೆ ಅಂದ್ರೆ ವಸ್ತುವನ್ನು ವಸ್ತುವಾಗಿಯೇ ಮತ್ತೆ ಬಳಸೋದು. ಪುಡಿ ಮಾಡಿ ಕರಗಿಸೋದು ರೀಸೈಕ್ಲಿಂಗ್.

ಯುರೋಪಿಯನ್ ಒಕ್ಕೂಟದ ಮೊದಲ ಚಕ್ರೀಯ ಆರ್ಥಿಕತೆ (ವಸ್ತುವನ್ನು ಎಸೆಯದೆ ಮತ್ತೆ ಮತ್ತೆ ಬಳಕೆಗೆ ತರೋದು) ಯೋಜನೆ 2015ರದ್ದು, ಎರಡನೆಯದು 2020ರದ್ದು. 2021ರ ಡಿಸೆಂಬರ್‌ನಲ್ಲಿ ಸಾಮಾಜಿಕ ಆರ್ಥಿಕತೆಗೂ, ಅಂದ್ರೆ ಲಾಭಕ್ಕಿಂತ ಜನರ ಹಿತ ಮುಂದಿಡೋ ಸಹಕಾರಿ, ಸಂಘಗಳಿಗೂ ಒಂದು ಯೋಜನೆ ಬಂತು. ಹಳೆ ಯಂತ್ರ, ಬಟ್ಟೆ ಸರಿಮಾಡಿ ಮಾರುತ್ತಾ, ಬೇರೆಲ್ಲೂ ಕೆಲಸ ಸಿಗದವರಿಗೆ ಕೆಲಸ ಕೊಡುವ ಸಹಕಾರಿಗಳು ಈ ಎರಡೂ ಆರ್ಥಿಕತೆಗಳನ್ನು ಬೆಸೆಯಬೇಕಿತ್ತು. ಆದ್ರೂ ಒಳ್ಳೆ ಮಾಲು ಅವರ ಕೈಗೆ ಬರೋದಿಲ್ಲ. ಯಾಕೆ? ನಗರಸಭೆ ಕಾನೂನು ಮೀರದೆ ಅವರಿಗೆ ಕೆಲಸ ವಹಿಸೋದು ಹೇಗೆ?

ಉತ್ತರ: ತಕ್ಕಡಿ

ಲೆಕ್ಕ ತೂಕದಲ್ಲಿ ನಡೆಯೋದೇ ಇದಕ್ಕೆ ಮೂಲ. ಪುರಸಭೆ ಕಸದಲ್ಲಿ 2025ಕ್ಕೆ 55%, 2030ಕ್ಕೆ 60%, 2035ಕ್ಕೆ 65% ಅನ್ನೋ ಒಕ್ಕೂಟದ ಗುರಿಯಲ್ಲಿ ಮರುಬಳಕೆಗೆ ಸಿದ್ಧಪಡಿಸಿದ್ದು (ಪರೀಕ್ಷಿಸಿ, ತೊಳೆದು, ರಿಪೇರಿ ಮಾಡಿದ್ದು), ರೀಸೈಕಲ್ ಮಾಡಿದ್ದು ಎರಡನ್ನೂ ಕೂಡಿಸಿಯೇ ಎಣಿಸ್ತಾರೆ. 70 ಕಿಲೋ ವಾಷಿಂಗ್ ಮೆಷಿನ್ ರಿಪೇರಿಯಾದ್ರೂ 70, ಪುಡಿಯಾದ್ರೂ ಹೆಚ್ಚುಕಮ್ಮಿ ಅಷ್ಟೇ. ಪುಡಿ ಮಾಡೋದು ಸುಲಭ, ಹಾಗಾಗಿ ಅದೇ ಗೆಲ್ಲುತ್ತೆ. ಕಸಕ್ಕೆ ಯಾವ ದಾರಿ ಮೊದಲು, ಯಾವುದು ಆಮೇಲೆ ಅನ್ನೋ ಒಕ್ಕೂಟದ ಶ್ರೇಣಿಯಲ್ಲಿ ಮರುಬಳಕೆ ರೀಸೈಕ್ಲಿಂಗ್‌ಗಿಂತ ಮೇಲಿದ್ದರೂ ಅದು ಕಾಗದದ ಮೇಲಿನ ಮರ್ಯಾದೆ.

ಇದರಿಂದ ಹೊರಬರೋ ದಾರಿ ಅಂದ್ರೆ ಪ್ರತ್ಯೇಕ ಗುರಿ. ಸ್ಪೇನಿನ 7/2022 ಕಾನೂನು 55%ರ ಒಳಗೇ ಕನಿಷ್ಠ 5% ಮರುಬಳಕೆಗೆ ಸಿದ್ಧಪಡಿಸಿದ್ದಾಗಿರಬೇಕು ಅನ್ನುತ್ತೆ. 2030ಕ್ಕೆ 10%, 2035ಕ್ಕೆ 15%. ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ ತಲಾ ಇಷ್ಟು ಕಿಲೋ ಅಂತ ಮರುಬಳಕೆಗೇ ಬೇರೆ ಗುರಿ ಇಟ್ಟರು. ಅಲ್ಲಿನ ಕ್ರಿಂಗ್‌ವಿಂಕಲ್ ಅನ್ನೋ ಸೆಕೆಂಡ್ ಹ್ಯಾಂಡ್ ಅಂಗಡಿಗಳು ಬೆಳೆದಿದ್ದರಲ್ಲಿ ಅದರ ಪಾಲೂ ಇದೆ.

ಸಾಗಣೆಯಲ್ಲೂ ಮಾಲು ಸಾಯುತ್ತೆ. ತೆರೆದ ಡಬ್ಬಕ್ಕೆ ಮೇಲಿಂದ ಎಸೆದ ಯಂತ್ರದ ಡ್ರಮ್ ಬೇರಿಂಗ್, ಗಾಜು ಒಡೆಯುತ್ತೆ. ಮಳೆ ಬಿದ್ದರೆ ಸರ್ಕ್ಯೂಟ್ ಬೋರ್ಡ್ ಹೋಗುತ್ತೆ. ಕರಾರಿನಲ್ಲಿ ಬರೆಸಬೇಕಾದ್ದು: ಸಂಗ್ರಹ ಕೇಂದ್ರದ ಗೇಟಿನಲ್ಲೇ ಆಯ್ಕೆ, ಸೂರಿನಡಿ ದಾಸ್ತಾನು, ಕಸವನ್ನು ಹಿಂಡಿ ಒತ್ತುವ ಲಾರಿ ಬೇಡ, ರೀಸೈಕ್ಲಿಂಗ್ ಕಂಪನಿಗಿಂತ ಮೊದಲು ನೋಡೋ ಹಕ್ಕು.

ಉತ್ತರ: ಕರಾರುಪತ್ರ

ಟೆಂಡರ್ ವಿಷಯ. ಸರ್ಕಾರಿ ಖರೀದಿ ಬಗ್ಗೆ ಒಕ್ಕೂಟದ 2014/24 ನಿರ್ದೇಶನದ 20ನೇ ವಿಧಿ ಪ್ರಕಾರ, ಕೆಲಸಗಾರರಲ್ಲಿ ಕನಿಷ್ಠ 30% ಅಂಗವಿಕಲರೋ ಅವಕಾಶವಂಚಿತರೋ ಇರುವ ಸಂಸ್ಥೆಗಳಿಗೆ ಮಾತ್ರ ಅಂತ ಟೆಂಡರನ್ನು ಮೀಸಲಿಡಬಹುದು. ಇಟಲಿಯ 381/1991 ಕಾನೂನು ‘ಬಿ’ ಮಾದರಿ, ಅಂದ್ರೆ ಅವಕಾಶವಂಚಿತರಿಗೆ ಕೆಲಸ ಕೊಡೋ ಸಾಮಾಜಿಕ ಸಹಕಾರಿಗಳಿಗೆ ಇದೇ 30% ಇಟ್ಟಿತ್ತು. ಸ್ಪೇನಿನಲ್ಲಿ ಬಟ್ಟೆ, ಪೀಠೋಪಕರಣ ಕಸದ ಗುತ್ತಿಗೆ ಮೊತ್ತದ ಕನಿಷ್ಠ 50% ಇಂಥ ಸಂಸ್ಥೆಗಳಿಗೆ ಮೀಸಲು.

ಎಡವೋದು ದರಪಟ್ಟಿಯಲ್ಲಿ. ಟನ್ನಿಗೆ ಇಷ್ಟು ಅಂತ ಕೊಟ್ಟರೆ ಸಹಕಾರಿಯೂ ತೂಕದ ಹಿಂದೆ ಓಡುತ್ತೆ. ಸಂಗ್ರಹಕ್ಕೆ ನಿಗದಿ ಹಣ, ಅದರ ಮೇಲೆ ನಿಜವಾಗಿ ಮಾರಾಟವಾದ ಕಿಲೋಗೆ ಪ್ರೋತ್ಸಾಹಧನ, ಹೀಗೆ ಎರಡು ಭಾಗ ಮಾಡಿ. ವರ್ಷದ ಗುತ್ತಿಗೆ ಬೇಡವೇ ಬೇಡ. ಹೊಸಬರಿಗೆ ಕೈ ಕುದುರೋ ಹೊತ್ತಿಗೆ ಅವಧಿ ಮುಗಿದಿರುತ್ತೆ.

ನೇರ ನೆರವು ಕೊಡೋದಾದ್ರೆ ಸಾಮಾನ್ಯ ಡಿ ಮಿನಿಮಿಸ್ (ಒಕ್ಕೂಟಕ್ಕೆ ಮೊದಲೇ ತಿಳಿಸದೆ ಕೊಡಬಹುದಾದ ಸಣ್ಣ ನೆರವು) ಮಿತಿ ಒಂದು ಸಂಸ್ಥೆಗೆ ಮೂರು ವರ್ಷಕ್ಕೆ 3 ಲಕ್ಷ ಯೂರೊ. ಸಾರ್ವಜನಿಕ ಸೇವೆ ಅಂತ ಅಧಿಕೃತವಾಗಿ ವಹಿಸಿದ್ದರೆ 7.5 ಲಕ್ಷ. ವಹಿಸಿದ ಪತ್ರ ಇಲ್ಲದೆ ಎರಡನೆಯದು ಅನ್ವಯಿಸೋದಿಲ್ಲ.

ಉತ್ತರ: ಸೂಜಿದಾರ

ಬಟ್ಟೆ ವಿಷಯ ಯಾರೂ ಎತ್ತಲಿಲ್ಲ, ಅಲ್ಲೇ ಈಗ ಹೆಚ್ಚು ಪೆಟ್ಟು. 2025ರ ಜನವರಿ 1ರಿಂದ ಬಟ್ಟೆಯನ್ನು ಬೇರೆಯಾಗಿ ಸಂಗ್ರಹಿಸೋದು ಕಡ್ಡಾಯ. ಮೊದಲು ಡಬ್ಬಕ್ಕೆ ಉಡುವಂಥದ್ದನ್ನೇ ಹಾಕ್ತಿದ್ದರು, ಈಗ ಹರಕಲೂ ಬರುತ್ತೆ. ಈ ಕಸುಬು ನಿಂತಿರೋದೇ ಮೇಲಿನ ಕೆನೆಯ ಮೇಲೆ: ಒಳ್ಳೆ ಬಟ್ಟೆ ಮಾರಿದ ದುಡ್ಡಲ್ಲೇ ಉಳಿದದ್ದನ್ನು ವಿಂಗಡಿಸೋ ಕೂಲಿ ಹುಟ್ಟಬೇಕು. ಆ ಕೆನೆಯನ್ನು ಈಗ ಆನ್‌ಲೈನಿನಲ್ಲಿ ಜನರೇ ಮಾರಿಕೊಳ್ತಾರೆ. ಜೊತೆಗೆ ಒಂದು ಒದ್ದೆ ಚೀಲ ಬಿದ್ದರೆ ಸುತ್ತಲಿನ ಚೀಲಗಳಿಗೂ ಬೂಸ್ಟು.

ಇದರ ಖರ್ಚನ್ನು ಬಟ್ಟೆ ಉತ್ಪಾದಕರೇ ಹೊರಬೇಕು ಅನ್ನೋ, ಒಕ್ಕೂಟದ ಕಸದ ನಿರ್ದೇಶನದ ತಿದ್ದುಪಡಿ 2025ರ ಅಕ್ಟೋಬರ್ 16ಕ್ಕೆ ಜಾರಿಗೆ ಬಂದಿದೆ, ಆದ್ರೆ ದೇಶಗಳಿಗೆ 30 ತಿಂಗಳ ಗಡುವು. ಅಂದ್ರೆ 2028ರ ಏಪ್ರಿಲ್. ಸಾಮಾಜಿಕ ಸಂಸ್ಥೆಗಳು ತಮ್ಮ ಸಂಗ್ರಹ ಡಬ್ಬಗಳನ್ನು ಉಳಿಸಿಕೊಳ್ಳೋ ಹಕ್ಕು ಅದರಲ್ಲಿದೆ. ಅಲ್ಲಿವರೆಗಿನ ಖರ್ಚನ್ನು ನಗರಸಭೆ ತುಂಬದಿದ್ದರೆ ಗೋದಾಮು ತುಂಬಿ ಬಾಗಿಲು ಹಾಕೋದೇ.

ಇನ್ನೊಂದು: 2026ರ ಜುಲೈ 19ರಿಂದ ದೊಡ್ಡ ಕಂಪನಿಗಳು ಮಾರಾಟವಾಗದ ಉಡುಪು, ಪಾದರಕ್ಷೆ ನಾಶ ಮಾಡೋ ಹಾಗಿಲ್ಲ. ‘ದಾನ’ ಅಂತ ಲಾರಿಗಟ್ಟಲೆ ಬಂದೀತು. ಬೇಡ ಅನ್ನೋ ಹಕ್ಕು, ಸಾಗಣೆ ಖರ್ಚು ಯಾರದ್ದು ಅನ್ನೋದು ಮೊದಲೇ ಬರಹದಲ್ಲಿರಲಿ.

ಅರೆಗಣಕ

ಪ್ರತ್ಯೇಕ ಗುರಿ ಮತ್ತು ಎರಡು ಭಾಗದ ದರ, ಎರಡೂ ಅರ್ಥವಾಯ್ತು. ರಿಪೇರಿ ಮಾಡಿದ ಯಂತ್ರ ಮಾರಿದ ಮೇಲೆ ಹೊಣೆ ಎಷ್ಟು ದಿನ?

ಉತ್ತರ: ತಕ್ಕಡಿ

ಒಕ್ಕೂಟದ ನಿಯಮದಲ್ಲಿ 2 ವರ್ಷ. ಸೆಕೆಂಡ್ ಹ್ಯಾಂಡ್ ಮಾಲಿಗೆ ಮಾರೋರೂ ಕೊಳ್ಳೋರೂ ಒಪ್ಪಿ ಅದನ್ನು 1 ವರ್ಷದವರೆಗೆ ಇಳಿಸಿಕೊಳ್ಳಲು ದೇಶಗಳು ಅವಕಾಶ ಕೊಡಬಹುದು, ಅದಕ್ಕಿಂತ ಕೆಳಗಿಲ್ಲ. ಹಾಗಾಗಿ ಪರೀಕ್ಷೆಯ ದಾಖಲೆ ಇಟ್ಟುಕೊಳ್ಳಲೇಬೇಕು: ಅರ್ಥಿಂಗ್, ಇನ್ಸುಲೇಷನ್, ನೀರು ತುಂಬಿಸಿ ಒಂದು ಪೂರ್ತಿ ಸುತ್ತು, ಸೀರಿಯಲ್ ನಂಬರ್ ಸಮೇತ. ಫ್ರಿಜ್‌ನಲ್ಲಿ ಆರ್600ಎ ಇದ್ದರೆ ಅದು ಐಸೊಬ್ಯೂಟೇನ್, ಹೊತ್ತಿಕೊಳ್ಳೋ ಅನಿಲ. ಅನಿಲ ತೆಗೆಯದೆ ಪೈಪಿಗೆ ಬೆಂಕಿ ಹಿಡಿಯಬಾರದು. ಬಿಡಿಭಾಗಕ್ಕೆ ಹೊಸದನ್ನೇ ಕೊಂಡರೆ ಲೆಕ್ಕ ಕೂಡೋದಿಲ್ಲ. ಸರಿಯಾಗದ ಯಂತ್ರಗಳಿಂದ ಬಾಗಿಲ ಲಾಕು, ಡ್ರೈನ್ ಪಂಪು, ಹೀಟರ್ ಬಿಚ್ಚಿ, ಮಾಡೆಲ್ ಬರೆದು ಕಪಾಟಿನಲ್ಲಿಡಿ. ಉಳಿದ ಒಡಲು ರೀಸೈಕ್ಲಿಂಗಿಗೆ ಹೋಗಲಿ.