ಅಪ್‌ಡೇಟ್: ಕ್ರೂಸ್ ಹಡಗು ನೇಪಲ್ಸ್‌ನಲ್ಲಿ ನಿಂತಾಗ ಗೈಡ್ ಜೊತೆ ಮ್ಯೂಸಿಯಂ

ಹಡಗು ಇಟಲಿಯ ನೇಪಲ್ಸ್‌ನಲ್ಲಿ ಒಂದು ಹಗಲು ನಿಲ್ಲುತ್ತದೆ, ಮಂಡಿನೋವಿರುವ ಅಮ್ಮನ ಜೊತೆ ಪುರಾತತ್ವ ಮ್ಯೂಸಿಯಂ ನೋಡಬಹುದಾ ಅಂತ ಕೇಳಿದ್ದೆ ಅಲ್ವಾ? ಆರಾಮಾಗಿ ನೋಡಿದೆವು.

ಲೈಸೆನ್ಸ್ ಇರುವ ಗೈಡನ್ನು ಊರಿಂದಲೇ ಬುಕ್ ಮಾಡಿ ಅಂದಿದ್ದಿರಲ್ಲ, ಅದೇ ಕೈ ಹಿಡಿಯಿತು. ಅವರು ಬಂದರಿನ ಗೇಟಿಗೇ ಬಂದು ಕಾದಿದ್ದರು, ಟಿಕೆಟ್ ಕೂಡ ಮೊದಲೇ ತೆಗೆದಿಟ್ಟಿದ್ದರು. ಮುನಿಚಿಪಿಯೋ ಸ್ಟೇಷನ್‌ನಿಂದ ಮೆಟ್ರೋ ಹಿಡಿಯಿರಿ ಅನ್ನೋ ಸಲಹೆ ಮಾತ್ರ ನಮಗೆ ಆಗಿಬರಲಿಲ್ಲ. ಬಂದರಿನ ಎದುರೇ ಇದೆ, ಮ್ಯೂಸಿಯೋ ಸ್ಟೇಷನ್‌ನಲ್ಲಿ ಇಳಿದರಾಯಿತು, ಆದರೆ ಅಮ್ಮನಿಗೆ ಅಷ್ಟೆಲ್ಲ ಹತ್ತಿ ಇಳಿಯೋದು ಕಷ್ಟ ಅಂತ ಟ್ಯಾಕ್ಸಿ ಮಾಡಿದೆವು. ಕಾಲು ಗಟ್ಟಿ ಇರುವವರು ಮೆಟ್ರೋದಲ್ಲೇ ಹೋಗಿ.

ನನಗೆ ಗೊತ್ತೇ ಇರಲಿಲ್ಲ, ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಹಳೇ ರೋಮನ್ ಊರು ಪಾಂಪೆಯಲ್ಲಿ ಸಿಕ್ಕ ಒಳ್ಳೊಳ್ಳೆ ಗೋಡೆಚಿತ್ರ, ಮೊಸಾಯಿಕ್ ಎಲ್ಲ ಈ ಮ್ಯೂಸಿಯಂನಲ್ಲೇ ಇವೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಕರಕಲಾದ ದುಂಡನೆ ಬ್ರೆಡ್ ಇದೆ, ಎಂಟು ಪಾಲು ಮಾಡೋಕೆ ಎಳೆದ ಗೆರೆ ಇನ್ನೂ ಹಾಗೇ ಕಾಣುತ್ತದೆ. ಅಮ್ಮ ಅದರ ಮುಂದಿನಿಂದ ಕದಲಲೇ ಇಲ್ಲ. ಗೈಡ್ ನಮಗೆ ಮಾತ್ರ ಅಂತ ಇದ್ದದ್ದಕ್ಕೆ ಯಾರೂ ಅವಸರ ಮಾಡಲಿಲ್ಲ.

ಬುಕ್ ಮಾಡೋ ಮುಂಚೆ ವಾರ ನೋಡಿಕೊಳ್ಳಿ, ಮ್ಯೂಸಿಯಂಗೆ ಮಂಗಳವಾರ ರಜ.