ಡಂಬಲ್‌ಡೋರ್ ಕೊಠಡಿ ಅಂಬ್ರಿಡ್ಜ್‌ಗೆ ಬಾಗಿಲು ತೆರೆಯಲಿಲ್ಲ ಯಾಕೆ?

ಪ್ರಶ್ನೆ:
ರಾತ್ರಿ ಮಗಳಿಗೆ ಹ್ಯಾರಿ ಪಾಟರ್ ಓದಿ ಹೇಳ್ತಿದ್ದೀನಿ, ಈಗ ಐದನೇ ಪುಸ್ತಕ. ಅಂಬ್ರಿಡ್ಜ್ ಸರ್ಕಾರದ ಆದೇಶದಿಂದಲೇ, ಡಂಬಲ್‌ಡೋರ್ ಜಾಗಕ್ಕೆ, ಮಾಯಾಶಾಲೆ ಹಾಗ್ವಾರ್ಟ್ಸ್‌ನ ಮುಖ್ಯಸ್ಥೆಯಾದವಳು. ಆದ್ರೂ ಡಂಬಲ್‌ಡೋರ್ ಕೊಠಡಿ ಕಾಯೋ ಗಾರ್ಗಾಯಿಲ್, ಅಂದ್ರೆ ವಿಕಾರ ಮುಖದ ಕಲ್ಲಿನ ಮೂರ್ತಿ, ಅವಳಿಗೆ ದಾರಿ ಬಿಡಲ್ಲ. "ಅಪ್ಪಾ, ರೂಮಿಗೆ ಹೇಗೆ ಗೊತ್ತಾಯ್ತು?" ಅಂದ್ಳು. ಏನು ಹೇಳಲಿ?

ಉತ್ತರ 1:
ಗಾರ್ಗಾಯಿಲ್ ದಾರಿ ಬಿಡೋದು ಪಾಸ್‌ವರ್ಡ್ ಹೇಳಿದ್ರೆ, ಆದ್ರೆ ಅದೊಂದೇ ಸಾಲದು ಅಂತ ನನಗನ್ಸುತ್ತೆ. ಡಂಬಲ್‌ಡೋರ್ ಕಾಲದಲ್ಲಿ ಅದು ಬರೀ ಮಿಠಾಯಿ ಹೆಸರು: ಶರ್ಬೆಟ್ ಲೆಮನ್, ಕಾಕ್ರೋಚ್ ಕ್ಲಸ್ಟರ್, ಆ್ಯಸಿಡ್ ಪಾಪ್ಸ್. ಏಳನೇ ಪುಸ್ತಕದಲ್ಲಿ ಅಲ್ಲಿನ ಮೇಷ್ಟ್ರು ಸ್ನೇಪ್ ಮುಖ್ಯಸ್ಥನಾದಾಗ ಪಾಸ್‌ವರ್ಡ್ 'ಡಂಬಲ್‌ಡೋರ್'. ಊರೆಲ್ಲ ಡಂಬಲ್‌ಡೋರ್‌ನ ಕೊಂದವನು ಅಂತಿದ್ದವನಿಗೆ ಆ ಬಾಗಿಲು ತೆರೆದಿತ್ತು! ಅದನ್ನ ಓದಿದಾಗ ನನಗೆ ಕಣ್ಣು ತುಂಬಿತ್ತು. ಮಗಳು ಅಲ್ಲಿಗೆ ಬರೋವರೆಗೂ ಹೇಳ್ಬೇಡಿ.

ಉತ್ತರ 2:
ಆ ಕೊಠಡಿಯ ಗೋಡೆ ಮೇಲಿನ ಹಳೇ ಮುಖ್ಯೋಪಾಧ್ಯಾಯರ ಜೀವಂತ ಚಿತ್ರಗಳನ್ನ ಮರೀಬೇಡಿ. ನಿದ್ದೆ ಮಾಡೋ ಹಾಗೆ ನಟಿಸ್ತಾ ಎಲ್ಲಾ ಕೇಳಿಸ್ಕೊಳ್ತಾರೆ. ಅವರಲ್ಲೊಬ್ಬ ಫಿನಿಯಸ್ ನೈಜೆಲಸ್ ಅಂತೂ ಲಂಡನ್‌ನ ಗ್ರಿಮ್ಮಾಲ್ಡ್ ಪ್ಲೇಸ್ ಮನೆಯಲ್ಲಿರೋ ತನ್ನ ಇನ್ನೊಂದು ಚಿತ್ರಕ್ಕೂ ಓಡಾಡ್ತಾನೆ. ಅಷ್ಟು ಜನ ಕೂತಿರೋ ಕೋಣೆಗೆ ಯಾರು ಯೋಗ್ಯರು ಅಂತ ಗೊತ್ತಾಗದೇ ಇರುತ್ತಾ?

ಉತ್ತರ 3:
ಲಂಡನ್ ಹತ್ತಿರದ ಲೀವ್ಸ್‌ಡನ್ ಸ್ಟುಡಿಯೋದಲ್ಲಿ ಸಿನಿಮಾಕ್ಕೆ ಹಾಕಿದ್ದ ಆ ಕೊಠಡಿಯ ಸೆಟ್ ನೋಡಿದ್ದೀನಿ. ಕಪಾಟಿನ ಪುಸ್ತಕಗಳಲ್ಲಿ ಎಷ್ಟೋ ಹಳೇ ಟೆಲಿಫೋನ್ ಡೈರೆಕ್ಟರಿಗಳು, ಮೇಲೆ ಚರ್ಮದಂಥ ಹೊದಿಕೆ. ಆದ್ರೂ ಅಲ್ಲಿ ನಿಂತಾಗ ನನ್ನ ದನಿ ತಾನಾಗೇ ತಗ್ಗಿತು.

ಪ್ರಶ್ನೆ ಕೇಳಿದವರು:
ಚಿತ್ರಗಳ ವಿಷಯ ಹೇಳಿದೆ. "ಹಾಗಾದ್ರೆ ಅವರೇ ಬಾಗಿಲು ಹಾಕಿದ್ದು" ಅಂತ ತೀರ್ಮಾನ ಮಾಡಿ ಮಲಗಿದ್ಳು.