ಗಂಡನ ಹೆಸರಲ್ಲಿರೋ ಕಾರಿಗೆ ನಾನು ಟ್ಯಾಕ್ಸ್ ಕಟ್ಟಿ ಇನ್ಶೂರೆನ್ಸ್ ಮಾಡಿಸಬಹುದಾ? ಸಹಾಯ ಬೇಕು

ಎಲ್ರಿಗೂ ನಮಸ್ಕಾರ, ಒಂದು ಡೌಟು ಇದೆ, ಗೊತ್ತಿರೋರು ಹೇಳಿ ಪ್ಲೀಸ್. ಕಾರು ನಮ್ಮೆಜಮಾನ್ರ ಹೆಸರಲ್ಲಿ ರಿಜಿಸ್ಟರ್ ಆಗಿದೆ ಆದ್ರೆ ಅವ್ರು ಕೆಲಸದ ಮೇಲೆ ಹೊರಗಡೆ ಇರೋದ್ರಿಂದ ದಿನಾ ಓಡ್ಸೋದು ನಾನೇ, ಈಗ ಟ್ಯಾಕ್ಸೂ ಇನ್ಶೂರೆನ್ಸೂ ಎರಡೂ ಒಂದೇ ತಿಂಗಳಲ್ಲಿ ಮುಗೀತಾ ಇದೆ (ಯಾವಾಗ್ಲೂ ಹಿಂಗೇ, ಖರ್ಚೆಲ್ಲಾ ಒಟ್ಟಿಗೇ ಬರುತ್ತೆ).

ಟ್ಯಾಕ್ಸ್ ಬಗ್ಗೆ ಅಷ್ಟು ತಲೆಬಿಸಿ ಇಲ್ಲ, ಅದು ಗಾಡಿ ನಂಬರ್ ಮೇಲಲ್ವಾ, ದುಡ್ಡು ನನ್ನ ಅಕೌಂಟಿಂದ ಹೋದ್ರೆ ಏನೂ ಆಗಲ್ಲ ಅಂದ್ಕೊಂಡಿದೀನಿ.

ತಲೆನೋವು ಇನ್ಶೂರೆನ್ಸಿಂದು. ಒಬ್ಬ ಏಜೆಂಟು ನಿಮ್ಮ ಹೆಸರಲ್ಲೇ ಮಾಡೋಣ ಮೇಡಂ ಏನೂ ತೊಂದ್ರೆ ಇಲ್ಲ ಅಂತಾರೆ, ಇನ್ನೊಬ್ರು ಓನರ್ ಹೆಸರೂ ಪಾಲಿಸಿ ಹೆಸರೂ ಬೇರೆ ಇದ್ರೆ ಕ್ಲೇಮ್ ಟೈಮಲ್ಲಿ ಕೈ ಎತ್ಬಿಡ್ತಾರೆ ಅಂತ ಹೆದರಿಸಿದ್ರು. ನಂಗೇನೋ ಎರಡನೆಯವ್ರದ್ದೇ ಸರಿ ಅನ್ಸುತ್ತೆ, ಆದ್ರೆ ನಾನು ಹಳೇ ಕಾರು ಮಾರಿದಾಗಿನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದೇ ಇದ್ದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗೋ ರಿಯಾಯ್ತಿ) ನನ್ನ ಹೆಸರಲ್ಲೇ ಉಳಿದಿದೆ, ಅದು ಗಾಡಿಗಲ್ಲ ಪಾಲಿಸಿ ತಗೊಂಡೋರಿಗೆ ಸೇರಿದ್ದಂತೆ, ನಮ್ಮೆಜಮಾನ್ರ ಹೆಸರಲ್ಲಿ ಮಾಡಿದ್ರೆ ಅದು ಸುಮ್ನೆ ಹೋಗುತ್ತಲ್ಲಾ ಅಂತ ಹೊಟ್ಟೆ ಉರಿ.

ಅವ್ರ ಹೆಸರಲ್ಲೇ ಪಾಲಿಸಿ ಇಟ್ಟು ನನ್ನನ್ನ ಡ್ರೈವರ್ ಅಂತ ಸೇರಿಸಿದ್ರೆ ಸಾಕಾ? ಆದ್ರೆ ಜಾಸ್ತಿ ಓಡ್ಸೋದು ನಾನು ಅಂತ ಫಾರ್ಮಲ್ಲಿ ನಿಜ ಬರೀಲೇಬೇಕಲ್ವಾ, ಮುಚ್ಚಿಟ್ಟು ಆಮೇಲೆ ಸಿಕ್ಕಾಕೊಳ್ಳೋದು ಬೇಡ. ಇಲ್ಲಾ ಕಾರನ್ನೇ ನನ್ನ ಹೆಸರಿಗೆ ಟ್ರಾನ್ಸ್‌ಫರ್ ಮಾಡಿಸ್ಕೊಳ್ಳೋದೇ ವಾಸಿನಾ? ಗಂಡ ಹೆಂಡ್ತಿ ಹೆಸರು ಬೇರೆ ಬೇರೆ ಇದ್ದು ನಿಜವಾಗ್ಲೂ ಕ್ಲೇಮ್ ಮಾಡಿರೋರು ಯಾರಾದ್ರೂ ಇದ್ರೆ ಏನಾಯ್ತು ಅಂತ ಹೇಳಿ, ನಮ್ಮೆಜಮಾನ್ರನ್ನ ಕೇಳಿದ್ರೆ ನೀನೇ ನೋಡ್ಕೋ ಅಂತಾರೆ ಅಷ್ಟೇ 🙏